ಮಡಲಿನ ಶಾಲೆಯ ಶತಮಾನೋತ್ಸವ

ನಮ್ಮ ಶಾಲೆಗೆ ಒಂದು ಪರಂಪರೆಯಿದೆ ಎಂಬುದು ಸುಜಯ ಒಡೆಯನಿಗೆ ಹೊಳೆದದ್ದು ಮುರ್ಡೇಶ್ವರದಲ್ಲಿ ಅವನ ಲಾಡ್ಜಿಗೆ ಮೂರನೇ ಮಹಡಿ ಎದ್ದ ವರ್ಷ. ಅದಕ್ಕೆ ಮೊದಲು ನಲವತ್ತೈದು ವರ್ಷ ಅವನು ಶಾಲೆಯ ಎದುರಿನ ರಸ್ತೆಯಲ್ಲೇ ಓಡಾಡಿದ್ದ. ಅವನ ಇಬ್ಬರು ಮಕ್ಕಳನ್ನು ಭಟ್ಕಳದ ಇಂಗ್ಲಿಷ್ ಮೀಡಿಯಮ್ಮಿಗೆ ಒಯ್ಯುವ ಹಳದಿ ವ್ಯಾನು ದಿನಾ ನಮ್ಮ ಗೇಟಿನೆದುರೇ ತಿರುಗುತ್ತಿತ್ತು. ಪ್ರೀತಿಯಿಂದಲ್ಲ, ಕೋಡಿಗದ್ದೆ ಊರಿನ ರಸ್ತೆ ಅಲ್ಲಿಗೆ ಮುಗಿಯುತ್ತದೆ ಎಂಬ ಕಾರಣಕ್ಕೆ. ಆಚೆ ಮರಳು, ಗಾಳಿಮರ, ಸಮುದ್ರ.

ನಾನು ಸುಪ್ರಿಯಾ. ಹೊನ್ನಾವರದಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ಒಂದರಿಂದ ಐದರವರೆಗಿನ ಹದಿನೇಳು ಮಕ್ಕಳಿಗೆ ನಾನೇ ಟೀಚರು, ನಾನೇ ಮುಖ್ಯಾಧ್ಯಾಪಕಿ, ಗಂಟೆ ಹೊಡೆಯುವವಳೂ ನಾನೇ. ಅನ್ನ ಮಾಡಿ ಹಾಕುವವಳು ಗಣಪಿ. ಅರವತ್ತರ ಹತ್ತಿರದ ಹೆಂಗಸು. ನೆಟ್ಟಿಯ, ಅಂದರೆ ಭತ್ತದ ನಾಟಿಯ ಕಾಲದಲ್ಲಿ ಗದ್ದೆಗೆ, ಉಳಿದ ಕಾಲದಲ್ಲಿ ತನ್ನ ತರಕಾರಿ ಸಾಲುಗಳಿಗೆ, ಹನ್ನೊಂದು ಗಂಟೆಗೆ ನಮ್ಮ ಅಡುಗೆಕೋಣೆಗೆ. ಅವಳಿಗೆ ಯಾರ ಬಗ್ಗೆಯೂ ಹೆಚ್ಚಿನ ಗೌರವವಿಲ್ಲ. ಆರು ವರ್ಷದಿಂದ ನನ್ನನ್ನು ಅಕ್ಕೋರೆ ಎಂದು ಕರೆಯುತ್ತಾಳೆ. ಆದರೆ ಆ ಕರೆಯಲ್ಲಿ, ಇಷ್ಟು ಓದಿದವಳಿಗೆ ಕಾಯಿ ಸುಲಿಯಲೂ ಬರುವುದಿಲ್ಲವಲ್ಲ ಎಂಬ ಧ್ವನಿ ಇದ್ದೇ ಇರುತ್ತದೆ.

ಸುಜಯ ಬಂದದ್ದು ಅಕ್ಟೋಬರಿನ ಒಂದು ಮಧ್ಯಾಹ್ನ. ಜೊತೆಗೆ ಶಿಶಿರ ಎಂಬ ಯುವಕ. ಕುತ್ತಿಗೆಯಲ್ಲಿ ಕ್ಯಾಮೆರಾ, ಕೈಯಲ್ಲಿ ಮರದ ಮಣಿಗಳ ಸರ. ಪರಂಪರೆಯ ಸಲಹೆಗಾರನಂತೆ. ಅಂಥದ್ದೊಂದು ಉದ್ಯೋಗವಿದೆ ಎಂದು ನನಗೆ ಅಂದೇ ಗೊತ್ತಾದದ್ದು.

"ಅಕ್ಕೋರೆ, ಶಾಲೆಗೆ ನೂರು ವರ್ಷ ಆತು. ಗೊತ್ತದೆಯ?" ಎಂದ ಸುಜಯ.

"ಗೊತ್ತು ಸರ್. ಮೊದಲನೇ ದಾಖಲಾತಿ ಪುಸ್ತಕ ಸಾವಿರದ ಒಂಬೈನೂರ ಇಪ್ಪತ್ತೈದರದ್ದು."

"ದೊಡ್ಡ ಕಾರ್ಯಕ್ರಮ ಮಾಡ್ವ. ಜನವರಿಯಲ್ಲಿ. ಗೇಟಿಗೆ ಒಂದು ಮಹಾದ್ವಾರ ಕಟ್ಟಸ್ತೆ. ಶಾಲೆ ಕಟ್ಟಿಸಿದ್ದು ನಮ್ಮ ಮುತ್ತಜ್ಜ ಅಲ್ಲವ, ಅವರ ಹೆಸರಲ್ಲಿ."

ಕಟ್ಟಿಸಿದವರು ಯಾರೆಂದು ಆಗ ನನಗೂ ತಿಳಿದಿರಲಿಲ್ಲ. ತಿಳಿಯಬೇಕೆಂದು ಆರು ವರ್ಷದಲ್ಲಿ ಒಮ್ಮೆಯೂ ಅನಿಸಿರಲಿಲ್ಲ. ಈ ಕಥೆಯಲ್ಲಿ ಬೈಸಿಕೊಳ್ಳಬೇಕಾದವರ ಪಟ್ಟಿಯಲ್ಲಿ ನಾನೂ ಇದ್ದೇನೆ, ಮೊದಲೇ ಹೇಳಿಬಿಡುತ್ತೇನೆ.

ಮರುವಾರವೇ ಸಮಿತಿಯಾಯಿತು. ಒಂಬತ್ತು ಜನ. ಒಬ್ಬರ ಮಗುವೂ ನಮ್ಮ ಶಾಲೆಯಲ್ಲಿಲ್ಲ. ನಮ್ಮ ಹದಿನೇಳು ಮಕ್ಕಳ ತಂದೆತಾಯಿಗಳನ್ನು ಯಾವ ಸಭೆಗೂ ಕರೆಯಲಿಲ್ಲ. ಅವರು ಕುರ್ಚಿ ಜೋಡಿಸುವ ದಿನ ಬಂದರೆ ಸಾಕೆಂದು ತೀರ್ಮಾನವಾಯಿತು.

ಶಿಶಿರ ಶಾಲೆಯೊಳಗೆ ಪರಂಪರೆ ಹುಡುಕಿ ನಿರಾಶನಾದ. ಹೆಂಚು ಹಳೆಯದೇನೋ ಹೌದು, ಆದರೆ ಸೋರುತ್ತಿತ್ತು, ಫೋಟೋಗೆ ಚೆನ್ನಾಗಿ ಬರುವುದಿಲ್ಲ. ಬೆಂಚುಗಳು ಪ್ಲಾಸ್ಟಿಕ್ಕಿನವು. ಆಮೇಲೆ ಅವನು ಎಲ್ಲಿಂದಲೋ ಫೈಬರಿನ ಒಂದು ಎತ್ತಿನಗಾಡಿ ತರಿಸಿ ಅಂಗಳದಲ್ಲಿ ಇಡಿಸಿದ. ಕೋಡಿಗದ್ದೆಯ ಗದ್ದೆಬದುವಿನಲ್ಲಿ ಯಾವ ಕಾಲಕ್ಕೂ ಗಾಡಿ ಹೋದದ್ದಿಲ್ಲ, ಇಲ್ಲಿ ಎಲ್ಲವನ್ನೂ ಹೊತ್ತದ್ದು ತಲೆಯ ಮೇಲೆ ಇಲ್ಲವೇ ದೋಣಿಯಲ್ಲಿ. ಅದನ್ನು ಹೇಳಿದೆ.

"ಪರವಾಗಿಲ್ಲ ಮೇಡಂ, ಜನಕ್ಕೆ ಕನೆಕ್ಟ್ ಆಗುತ್ತೆ" ಎಂದ.

ದೋಣಿ ಕನೆಕ್ಟ್ ಆಗುವುದಿಲ್ಲವೇ ಎಂದು ಕೇಳಬೇಕೆನಿಸಿತು. ಆದರೆ ಅಷ್ಟರಲ್ಲಿ ಅವನು ಅಡುಗೆಕೋಣೆಯ ಬಾಗಿಲಿಗೆ ಹೋಗಿ ಗಣಪಿಯನ್ನು ಕಂಡಿದ್ದ. ಅವಳ ಮುಖ ಅವನಿಗೆ ಹಿಡಿಸಿತು. ಮೊರ ಕೊಟ್ಟು ಗಾಡಿಯ ಪಕ್ಕ ಕೂತುಕೊಳ್ಳಲು ಹೇಳಿದ.

"ಅಜ್ಜಿ, ಹಳೇ ಕಾಲದ ಹಾಗೆ ಅಕ್ಕಿ ಕೇರಿ."

"ಅಕ್ಕಿ ಈಗಿನ ಕಾಲದ್ದೇ ತಮ್ಮಾ. ಸರಕಾರದ್ದು. ಕಲ್ಲೂ ಈಗಿನ್ದೇ" ಎಂದಳು ಗಣಪಿ.

"ಸ್ವಲ್ಪ ನಗಿ ಅಜ್ಜಿ."

"ಎಂತಕ್ಕೆ? ನೀ ಎಂತ ತಮಾಷೆ ಮಾಡ್ದೆ ಈಗ?"

ಅವನು ಆ ಫೋಟೋ ತೆಗೆದುಕೊಂಡು ಹೋದ. ನಗದ ಮುಖದ ಕೆಳಗೆ 'ಮುಗ್ಧತೆ' ಎಂದು ಬರೆದು ಆಮಂತ್ರಣ ಪತ್ರಿಕೆಗೆ ಹಾಕಿಸಿದ. ಗಣಪಿಗೆ ಓದಲು ಬರುವುದಿಲ್ಲವಾದ್ದರಿಂದ ನಾನು ಓದಿ ಹೇಳಿದೆ. "ಅಂದ್ರೆ ಎಂತದು?" ಎಂದಳು. "ಏನೂ ಗೊತ್ತಿಲ್ಲದವರು ಅಂತ" ಎಂದೆ. ಅವಳು ಒಲೆಗೆ ಮುಖ ತಿರುಗಿಸಿ ಎರಡು ಮಾತು ಹೇಳಿದಳು. ಶಾಲೆಯ ಆವರಣದಲ್ಲಿ ನಡೆದ ಸಂಗತಿಯಾದ್ದರಿಂದ ಅವನ್ನು ಇಲ್ಲಿ ಬರೆಯುವುದಿಲ್ಲ.

ನಿಜ ತಿಳಿದದ್ದು ಡಿಸೆಂಬರಿನಲ್ಲಿ. ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸ ಬರೆದುಕೊಡಬೇಕೆಂದು ಸುಜಯ ಹೇಳಿದ್ದರಿಂದ ಹಳೆಯ ಟ್ರಂಕು ತೆಗೆದೆ. ದಾಖಲಾತಿ ಪುಸ್ತಕಗಳ ಅಡಿಯಲ್ಲಿ ಬಟ್ಟೆಯ ರಟ್ಟಿನ ಒಂದು ಶೇರಾ ಬುಕ್ಕು ಸಿಕ್ಕಿತು. ಮುಂಬಯಿ ಸರಕಾರದ ಕಾಲದಲ್ಲಿ ತಪಾಸಣೆಗೆ ಬಂದ ಸಾಹೇಬರು ತಮ್ಮ ಅಭಿಪ್ರಾಯ ಬರೆದಿಟ್ಟು ಹೋಗುತ್ತಿದ್ದ ಪುಸ್ತಕ. ಎರಡನೇ ಪುಟದಲ್ಲಿ ಮಸುಕು ಶಾಯಿಯ ಸಾಲುಗಳಿದ್ದವು: 'ಶಾಲೆಯ ಮಡಲಿನ ಗುಡಿಸಲು ಈ ವರ್ಷದಲ್ಲಿ ಎರಡನೆಯ ಸಲ ಸುಟ್ಟಿದೆ. ಸುಟ್ಟವರ ಹೆಸರನ್ನು ಊರವರು ಬಲ್ಲರು, ಹೇಳಲು ಅಂಜುತ್ತಾರೆ. ಹೆಂಗಸರು ಪುನಃ ಕಟ್ಟಿರುತ್ತಾರೆ. ಇಂದಿನ ಹಾಜರಿ ಹನ್ನೊಂದು.'

ಮಡಲೆಂದರೆ ಹೆಣೆದ ತೆಂಗಿನ ಗರಿ. ಅಷ್ಟು ಗೊತ್ತಿತ್ತು. ಪುಸ್ತಕ ಹಿಡಿದುಕೊಂಡು ಅಡುಗೆಕೋಣೆಗೆ ಹೋದೆ.

"ಗಣಪಿ, ಶಾಲೆ ಯಾವಾಗಾದರೂ ಸುಟ್ಟಿತ್ತಾ?"

ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಹೌದಲೆ. ನೆಟ್ಟಿ ಹಾಡು ಕೇಳ್ಲಿಲ್ವ ನೀವು? ಪ್ರತಿ ವರ್ಷ ಸಾಲೆ ಕಿಟಕಿ ಕೆಳಗೇ ಹೇಳ್ತ್ರು."

ಕೇಳಿದ್ದೆ. ಆರು ಮಳೆಗಾಲ ಕೇಳಿದ್ದೆ. ಪಾಠಕ್ಕೆ ತೊಂದರೆಯಾಗುತ್ತದೆಂದು ಕಿಟಕಿ ಹಾಕಿಸಿದ್ದೆ.

ಗಣಪಿ ಸಣ್ಣ ದನಿಯಲ್ಲಿ, ಕಲ್ಲು ಆರಿಸುತ್ತಲೇ ಹೇಳಿದಳು:

ಮಡ್ಲಾನೆ ತಂದೀರು, ಮಣ್ಣಾನೆ ಮೆತ್ತೀರು
ಮಕ್ಳೀಗೆ ಸಾಲೀಯ ಕಟ್ಟೀರು
ಕಟ್ಟೀದ ಸಾಲೀಗೆ ಲಿಂಗಪ್ಪೊಡೇರು
ಕೊಳ್ಳೀಯ ಹಿಡಕಂಡು ಬಂದೀರು

ಎಮ್ಮೀಯ ಕಾಯೂಕೆ ಯಾರಿಲ್ಲ ಅಂದೀರು
ಹಕ್ಕೀಯ ಹೊಡಿಯೂಕೆ ಯಾರಿಲ್ಲ
ಬರಿಯೂಕೆ ಕುಂತೀದ ಮಕ್ಳಾನ ನೋಡೀರು
ಮಡ್ಲೀಗೆ ಬೆಂಕೀಯ ಇಟ್ಟೀರು

ಲಿಂಗಪ್ಪ ಒಡೆಯ ಸುಜಯನ ಮುತ್ತಜ್ಜ. ಅವನ ಎಮ್ಮೆ ಕಾಯುತ್ತಿದ್ದ, ಅವನ ಗದ್ದೆಯ ಹಕ್ಕಿ ಓಡಿಸುತ್ತಿದ್ದ ಮಕ್ಕಳು ಅಕ್ಷರ ಬರೆಯಲು ಕೂತದ್ದನ್ನು ಸಹಿಸದೆ ಅವನು ಗುಡಿಸಲು ಸುಟ್ಟಿದ್ದ. ಒಮ್ಮೆಯಲ್ಲ, ಎರಡು ಸಲ. ಮೂರನೇ ಸಲ ಬಂದಾಗ ಗಣಪಿಯ ಅಜ್ಜಿ ಸಣ್ಣಿ ಮಕ್ಕಳ ಜೊತೆ ಒಳಗೇ ಕೂತು, ಸುಡಿ ಈಗ ಎಂದಿದ್ದಳಂತೆ. ಅವನು ಕೊಳ್ಳಿಯನ್ನು ಮರಳಿಗೆ ಎಸೆದು ಹೋಗಿದ್ದನಂತೆ. ಸಾಹೇಬರು ಬರೆಯಲಾಗದ ಹೆಸರನ್ನು ಹೆಂಗಸರು ನೂರು ವರ್ಷ ಹಾಡಿಕೊಂಡು ಬಂದಿದ್ದಾರೆ, ಅದೂ ಅದೇ ಒಡೆಯರ ಗದ್ದೆಯಲ್ಲಿ ಬಗ್ಗಿ ಭತ್ತದ ಅಗೆ ನೆಡುತ್ತ. ಗದ್ದೆಯ ಯಜಮಾನರು ಅದನ್ನು ಎಂದೂ ಕಿವಿಗೊಟ್ಟು ಕೇಳಲಿಲ್ಲ.

ಮಾರನೇ ದಿನ ಸುಜಯನಿಗೆ ಶೇರಾ ಬುಕ್ಕು ತೋರಿಸಿದೆ, ಹಾಡಿನ ವಿಷಯವನ್ನೂ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಓದಿ, ಪುಸ್ತಕ ಮುಚ್ಚಿ, ಕರ್ಚೀಫಿನಿಂದ ಬೆರಳು ಒರೆಸಿಕೊಂಡ.

"ಇದ್ರಲ್ಲಿ ಹೆಸರೇ ಇಲ್ವಲ ಅಕ್ಕೋರೆ. ಹೆಂಗಸ್ರ ಹಾಡಿಗೆ ಎಂತ ಆಧಾರ?"

"ನಿಮ್ಮ ಮುತ್ತಜ್ಜ ಕಟ್ಟಿಸಿದ್ದಕ್ಕೆ ಆಧಾರ ಏನಿದೆ ಸರ್?"

"ಮನೆಯಲ್ಲಿ ಹೇಳ್ತ್ರು." ಅವನು ಎದ್ದ. "ಹದಿನೇಳು ಮಕ್ಕಳ ಶಾಲೆ. ಮುಚ್ಚಿ ಬೇರೆ ಶಾಲೆಗೆ ಸೇರ್ಸಿ ಅಂತ ನಾ ಒಂದು ಮಾತು ಹೇಳಿದ್ರೆ ಯಾರೂ ಬೇಡ ಅನ್ನೂದಿಲ್ಲ. ನಿಮಗೂ ಬಸ್ಸು ಹೋಗದ ಊರಿಗೆ ವರ್ಗ ಆಗ್ತದೆ. ಯಾಕೆ ಸುಮ್ನೆ? ನಾಲ್ಕು ಪುಟ ಚಂದ ಮಾಡಿ ಬರೀರಿ."

ಬರೆದೆ. ನಾಲ್ಕು ಪುಟವಲ್ಲ, ಐದು. 'ದಾನಶೂರ', 'ವಿದ್ಯಾಪ್ರೇಮಿ', 'ದೂರದರ್ಶಿ' ಎಂಬ ಮೂರೂ ಪದಗಳನ್ನು ಮೊದಲನೇ ಪ್ಯಾರಾದಲ್ಲೇ ಹಾಕಿದೆ. ಬರೆಯುತ್ತ ಹೋದಂತೆ ಭಾಷೆ ತಾನಾಗಿ ಬಂತು. ಇಂಥದ್ದಕ್ಕೆ ನನ್ನಲ್ಲಿ ಇಷ್ಟು ಪ್ರತಿಭೆ ಇದೆಯೆಂದು ಗೊತ್ತಿರಲಿಲ್ಲ. ಸುಜಯ ಓದಿ ಬಹಳ ಮೆಚ್ಚಿಕೊಂಡ. ಒಡೆಯರು ಎಂಬುದನ್ನು ಎಲ್ಲ ಕಡೆ 'ಒಡೆಯರ್' ಎಂದು ತಿದ್ದಿಸಿದ, ಅಷ್ಟೇ. ಹಾಗಿದ್ದರೆ ಮೈಸೂರಿನ ಗಾಂಭೀರ್ಯ ಬರುತ್ತದೆಂದು ಶಿಶಿರನ ಸಲಹೆ.

ಗಣಪಿಗೆ ನಾನು ಹೇಳಲಿಲ್ಲ. ಆದರೆ ಊರಲ್ಲಿ ಹೇಳುವವರಿಗೇನು ಬರವೇ? ಎರಡು ದಿನ ಅವಳು ನನಗೆ ಚಹ ಕೊಡಲಿಲ್ಲ. ಮೂರನೇ ದಿನ ಕೊಟ್ಟಳು, ಸಕ್ಕರೆ ಹಾಕಿರಲಿಲ್ಲ.

ಶತಮಾನೋತ್ಸವದ ದಿನ ಅಂಗಳದ ತುಂಬ ಶಾಮಿಯಾನ. ಮಹಾದ್ವಾರಕ್ಕೆ ಸಿಮೆಂಟಿನ ಎರಡು ಆನೆ. ಕಲಾವಿದ ಅವಸರದಲ್ಲಿ ಮಾಡಿದ್ದರಿಂದ ಒಂದಕ್ಕೆ ಸೊಂಡಿಲು ಮೋಟಾಗಿ ದನದ ಮುಖ ಬಂದಿತ್ತು. 'ಶಾಲಾ ಸಂಸ್ಥಾಪಕ ದಾನಶೂರ ಲಿಂಗಪ್ಪ ಒಡೆಯರ್ ಮಹಾದ್ವಾರ' ಎಂದು ಬಂಗಾರದ ಬಣ್ಣದಲ್ಲಿ ಬರೆಸಿದ್ದರು. ಮಕ್ಕಳಿಗೆ ಬಾಡಿಗೆಯ ಮಣಿಸರ ಹಾಕಿ ಗಾಡಿಯ ಸುತ್ತ ನಿಲ್ಲಿಸಿದ್ದರು, ಬೆಳಿಗ್ಗೆ ಎಂಟರಿಂದ. ಮುಖ್ಯ ಅತಿಥಿಗಳು ಹತ್ತಕ್ಕೆ ಬರಬೇಕಿತ್ತು. ಹನ್ನೊಂದೂವರೆಯಾದರೂ ಸುದ್ದಿಯಿಲ್ಲ.

ಸ್ವಾಗತ ಭಾಷಣ ಎರಡು ಸಲ ಆಗಿಹೋಯಿತು. ನಿರೂಪಕನ ನಗೆಹನಿಗಳು ಮುಗಿದವು. ಆಗ ಶಿಶಿರನಿಗೆ ಗಣಪಿ ನೆನಪಾದಳು. ಅಡುಗೆಕೋಣೆಯಿಂದ ಅವಳನ್ನು ಕೈ ಹಿಡಿದು ಕರೆತಂದು ಮೈಕಿನೆದುರು ನಿಲ್ಲಿಸಿದ.

"ಈಗ ನಮ್ಮ ಮಣ್ಣಿನ ಒಂದು ಜನಪದ ಗೀತೆ. ಅಜ್ಜಿ, ಯಾವುದಾದರೂ ಪರವಾಗಿಲ್ಲ, ಎರಡೇ ಎರಡು ಸಾಲು" ಎಂದ.

ಗಣಪಿ ಕೈಯ ಕೊಬ್ಬರಿಚೂರನ್ನು ಸೀರೆಗೆ ಒರೆಸಿಕೊಂಡಳು. ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಶುರು ಮಾಡಿದಳು.

ಮಡ್ಲಾನೆ ತಂದೀರು, ಮಣ್ಣಾನೆ ಮೆತ್ತೀರು.

ವೇದಿಕೆಯ ಮೇಲಿದ್ದವರು ತಾಳ ಹಾಕಿದರು. ಲಾಡ್ಜುಗಳ ಸಂಘದವರು ತಲೆದೂಗಿದರು. ಇಲಾಖೆಯ ಒಬ್ಬ ಅಧಿಕಾರಿ ಮೊಬೈಲು ಎತ್ತಿ ವಿಡಿಯೋ ಮಾಡತೊಡಗಿದರು. ಶಿಶಿರನಂತೂ ಕಣ್ಣು ಮುಚ್ಚಿಕೊಂಡಿದ್ದ. ಹಿಂದಿನ ಸಾಲಿನಲ್ಲಿ ನಿಂತಿದ್ದ ಹೆಂಗಸರು ಮಾತ್ರ ಒಬ್ಬರನ್ನೊಬ್ಬರು ನೋಡಿಕೊಂಡರು. ನೆಟ್ಟಿ ಹಾಡನ್ನು ಒಬ್ಬಳೇ ಹೇಳುವ ಪದ್ಧತಿಯಿಲ್ಲ. ಒಬ್ಬಳು ಹೇಳಿದ್ದನ್ನು ಉಳಿದವರು ತಿರುಗಿ ಹೇಳಬೇಕು. ಅಭ್ಯಾಸಬಲದಿಂದ ನಾಲ್ಕು ದನಿ ಎದ್ದವು, ಆಮೇಲೆ ಇಪ್ಪತ್ತು. ಮಣಿಸರದ ಮಕ್ಕಳೂ ಸೇರಿಕೊಂಡರು, ಅವರ ಅಮ್ಮಂದಿರ ಹಾಡಲ್ಲವೇ.

ಲಿಂಗಪ್ಪೊಡೇರು ಎಂಬಲ್ಲಿ ಸುಜಯನ ತಾಳ ನಿಂತಿತು. ಕೊಳ್ಳೀಯ ಎಂಬಲ್ಲಿ ಅವನು ಮೈಕಿನವನಿಗೆ ಬೆರಳು ತೋರಿಸಿದ. ಮೈಕು ಸತ್ತಿತು. ಇಪ್ಪತ್ತು ಹೆಂಗಸರಿಗೆ ಮೈಕು ಬೇಕೇ? ಗಾಳಿಯಲ್ಲಿ, ಮಳೆಯಲ್ಲಿ, ಗದ್ದೆಯ ಆಚೆ ದಡಕ್ಕೆ ಕೇಳುವಂತೆ ಹಾಡಿದ ಗಂಟಲುಗಳು ಅವು.

ಒಂದ್ಸಲ ಸುಟ್ಟಾರು, ಎಲ್ಡ್ಸಲ ಸುಟ್ಟಾರು
ಮೂರ್ನೇಯ ಸಲಕೇಯ ಬಂದಾರು
ಸಣ್ಣೀಯು ಒಳಗೇಯ ಕುಂತಾಳು ಮಕ್ಳಾ ಕೂಡೆ
ಸುಡಿ ಒಡೇರೆ ಈಗ ಅಂದಾಳು

ಹಾಡು ಮುಗಿಯುವ ಹೊತ್ತಿಗೆ ಮುಖ್ಯ ಅತಿಥಿಗಳ ಕಾರು ಮಹಾದ್ವಾರದ ಕೆಳಗೆ ನಿಂತಿತ್ತು. ಅವರು ಕೊನೆಯ ಎರಡು ಸಾಲು ಕೇಳಿದ್ದರು. ವೇದಿಕೆ ಹತ್ತಿದವರೇ, ಇಂಥ ಹಾಡುಗಳೇ ನಮ್ಮ ನಿಜವಾದ ಆಸ್ತಿ, ಇದನ್ನು ಉಳಿಸಿಕೊಂಡು ಬಂದ ಸುಜಯ ಅವರಂಥವರ ಕುಟುಂಬಕ್ಕೆ ನಾಡು ಋಣಿ ಎಂದರು. ಜನ ಚಪ್ಪಾಳೆ ತಟ್ಟಿದರು. ಗಣಪಿಗೆ ಶಾಲು ಹೊದಿಸುವಂತೆ ಹೇಳಿದರು. ಸುಜಯನೇ ಹೊದಿಸಿದ. ಕ್ಯಾಮೆರಾದ ಕಡೆ ನಗುತ್ತಲೇ ಹೊದಿಸಿದ. ಹಲ್ಲು ಕಚ್ಚಿಕೊಂಡೂ ನಗಲು ಬರುತ್ತದೆಂದು ಅವನನ್ನು ನೋಡಿ ತಿಳಿದೆ.

ಆಮೇಲೆ ಸ್ಮರಣ ಸಂಚಿಕೆಯ ಬಿಡುಗಡೆ. ನನ್ನ ಐದು ಪುಟವನ್ನು ನಿರೂಪಕ ಹೊಗಳಿದ. ನನ್ನ ಹೆಸರು ಮೈಕಿನಲ್ಲಿ ಕೇಳಿದಾಗ ನಾನು ಹಿಂದೆ ತಿರುಗಿ ಅಡುಗೆಕೋಣೆಯ ಬಾಗಿಲು ನೋಡಿದೆ. ಗಣಪಿ ಶಾಲನ್ನು ಗಡಿಗೆ ಇಳಿಸುವ ಮಸಿಬಟ್ಟೆಯ ಜೊತೆ ಗೂಟಕ್ಕೆ ಹಾಕಿ, ಅನ್ನ ಬಸಿಯುತ್ತಿದ್ದಳು. ಅವಳು ನನ್ನತ್ತ ನೋಡಲೇ ಇಲ್ಲ.

ನನಗೆ ಕೊಟ್ಟಿದ್ದ ಕೆಲಸ ವಂದನಾರ್ಪಣೆ. ಸಭೆಗಳಲ್ಲಿ ವಂದನಾರ್ಪಣೆಯ ಗತಿ ಏನೆಂದು ಎಲ್ಲರಿಗೂ ಗೊತ್ತು. ನಾನು ಮೈಕಿನ ಮುಂದೆ ನಿಂತಾಗ ವೇದಿಕೆ ಖಾಲಿ, ಮುಖ್ಯ ಅತಿಥಿಗಳು ಹೊರಟಾಗಿತ್ತು, ಜನ ಶಾಲೆಯ ಹಿಂದಿನ ಊಟದ ಚಪ್ಪರಕ್ಕೆ ನುಗ್ಗಿದ್ದರು. ಎದುರಿಗೆ ಇದ್ದದ್ದು ಖಾಲಿ ಕುರ್ಚಿಗಳು, ಅವುಗಳನ್ನು ಒಂದರ ಮೇಲೊಂದು ಪೇರಿಸುವ ಶಾಮಿಯಾನದವರು. ಯಾರೂ ಕೇಳುವುದಿಲ್ಲ ಎಂಬ ಧೈರ್ಯ ಬಂತು. ನನ್ನ ಧೈರ್ಯದ ಅಳತೆ ಅಷ್ಟೇ.

ಬರೆದುಕೊಂಡು ಬಂದ ಚೀಟಿ ಮಡಚಿದೆ. "ಈ ಶಾಲೆಯನ್ನು ಕಟ್ಟಿದ ಸಣ್ಣಿ ಮತ್ತು ಅವಳ ಜೊತೆಯ ಹೆಂಗಸರಿಗೆ ಮೊದಲ ವಂದನೆ" ಎಂದೆ. ಶೇರಾ ಬುಕ್ಕಿನ ಸಾಲುಗಳು ಬಾಯಿಪಾಠವಾಗಿದ್ದವು, ಹೇಳಿದೆ. "ಸುಟ್ಟವರ ಹೆಸರು ಪುಸ್ತಕದಲ್ಲಿಲ್ಲ. ಇವತ್ತು ಗಣಪಿ ಹಾಡಿದ ಹಾಡಿನಲ್ಲಿದೆ. ಅದೇ ಹೆಸರು ಈಗ ಗೇಟಿನ ಮೇಲೂ ಇದೆ. ಸ್ಮರಣ ಸಂಚಿಕೆಯಲ್ಲಿ ನಾನು ಬರೆದದ್ದು ಸುಳ್ಳು. ಹೆದರಿಕೊಂಡು ಬರೆದೆ. ಮಕ್ಕಳು ಅದನ್ನು ಓದಬಾರದು." ನಮಸ್ಕಾರ ಎಂದು ಇಳಿದೆ.

ನನಗೆ ತಿಳಿಯದ ಸಂಗತಿಯೆಂದರೆ, ಮೈಕಿನವನು ಊಟದ ಚಪ್ಪರಕ್ಕೂ ಎರಡು ಹಾರ್ನು ಕಟ್ಟಿದ್ದ. ಒಂದು ತೆಂಗಿನ ಮರಕ್ಕೆ, ಸಮುದ್ರದ ಕಡೆ ಮುಖ ಮಾಡಿ ಇನ್ನೊಂದು. ನಾನು ಹಿಂದಕ್ಕೆ ಹೋದಾಗ ಮುನ್ನೂರು ಜನ ಎಲೆಯ ಮುಂದೆ ಉಣ್ಣುವ ಕೈ ತಡೆದು ಕೂತಿದ್ದರು. ಸುಜಯ ಪಾಯಸದ ಬಕೆಟ್ಟು ಹಿಡಿದು ಸಾಲಿನ ನಡುವೆ ನಿಂತಿದ್ದ. ಯಾರೋ ಕೆಮ್ಮಿದರು. ಸಮಿತಿಯ ಕಾರ್ಯದರ್ಶಿ ತನ್ನ ಎಲೆಯನ್ನು ಸರಿಮಾಡಿಕೊಂಡು, "ಇಲ್ಲಿಗೊಂದು ಸೌಟು ಹಾಕಿ" ಎಂದ. ಎಲ್ಲರಿಗೂ ಉಸಿರು ಬಂತು. ಪಾಯಸ ಮುಂದುವರಿಯಿತು. ಸತ್ಯ ಕೇಳಿದ ಮೇಲೂ ನಮ್ಮ ಜನ ಎರಡನೇ ಸಲ ಹಾಕಿಸಿಕೊಂಡರು.

ಹತ್ತು ದಿನದ ಮೇಲೆ ನನಗೆ ಕಾರಣ ಕೇಳಿ ನೋಟಿಸು ಬಂತು: 'ಸಮಾರಂಭದಲ್ಲಿ ಅಪ್ರಸ್ತುತವಾಗಿ ಮಾತನಾಡಿದ ಬಗ್ಗೆ'. ಶೇರಾ ಬುಕ್ಕಿನ ಪುಟದ ನಕಲು ಲಗತ್ತಿಸಿ ಉತ್ತರ ಕೊಟ್ಟೆ. ವಿಚಾರಣೆಗೆ ಬಂದವರು ಅಂದು ವಿಡಿಯೋ ಮಾಡಿದ್ದ ಅಧಿಕಾರಿಯೇ. ತಮ್ಮ ಮೊಬೈಲಿನಿಂದಲೇ ಆ ಹಾಡನ್ನು ನಾಲ್ಕು ಗುಂಪುಗಳಿಗೆ 'ಅದ್ಭುತ' ಎಂದು ಕಳಿಸಿದ್ದರು. ಅರ್ಥ ತಿಳಿದ ಮೇಲೆ ಅವರಿಗೆ ಫೈಲು ಬೇಗ ಮುಚ್ಚಿದರೆ ಸಾಕಾಗಿತ್ತು. ನನಗೆ ವರ್ಗವಾಗಲಿಲ್ಲ. ಶಾಲೆ ಮುಚ್ಚುವ ಮಾತನ್ನೂ ಸುಜಯ ಎತ್ತಲಿಲ್ಲ. ಮುತ್ತಜ್ಜನ ಹೆಸರಿನ ಹೊಸ ದ್ವಾರದ ಹಿಂದೆ ಬೀಗ ಹಾಕಿದ ಶಾಲೆ ಇದ್ದರೆ ಲಾಡ್ಜಿಗೆ ಬಂದ ಪ್ರವಾಸಿಗರಿಗೆ ತೋರಿಸುವುದೇನು?

ಅವನು ಬೇರೆ ದಾರಿ ಹಿಡಿದ. ಮಳೆ ಶುರುವಾದಾಗ, ಗಣಪಿಯನ್ನೂ ಅವಳ ಜೊತೆಯವರನ್ನೂ ಈ ಸಲ ನೆಟ್ಟಿಗೆ ಕರೆಯುವುದಿಲ್ಲ ಎಂದು ಸಾರಿದ. ಹೊನ್ನಾವರದ ಕಡೆಯಿಂದ ನಾಟಿ ಯಂತ್ರ ತರಿಸಿದ. ಯಂತ್ರ ಹಾಡು ಹೇಳುವುದಿಲ್ಲ ಎಂಬುದೊಂದು ಗುಣ. ಶಾಲೆಯ ಪಕ್ಕದ ಅವನ ಗದ್ದೆ ಸಮುದ್ರದ ನೀರು ಉಕ್ಕುವ ತಗ್ಗು. ಕಾಲಿಟ್ಟರೆ ಮೊಣಕಾಲುದ್ದ ಕೆಸರು. ಅದು ಗೊತ್ತಿರುವುದು ಅದರಲ್ಲಿ ಇಳಿದವರಿಗೆ. ಯಂತ್ರ ಎರಡು ಸಾಲು ನೆಟ್ಟು, ಮೂರನೆಯದರಲ್ಲಿ ಒಂದು ಪಕ್ಕಕ್ಕೆ ವಾಲಿ, ಹೊಟ್ಟೆಯವರೆಗೆ ಹೂತುಹೋಯಿತು. ಮೂರು ದಿನ ಹಗ್ಗ ಕಟ್ಟಿ ಎಳೆದರು. ಹೆಂಗಸರು ಮಳೆ ತಡೆಯಲು ತಲೆಗೆ ಕೊಪ್ಪೆ ಹಾಕಿಕೊಂಡು ಬದುವಿನ ಮೇಲೆ ಸಾಲಾಗಿ ಕೂತು, ಎಲೆಯಡಿಕೆ ಹಾಕುತ್ತ ನೋಡಿದರು. ಯಾರೂ ನಗಲಿಲ್ಲ. ನನ್ನ ಮಕ್ಕಳು ಕಿಟಕಿಯಲ್ಲಿ ನಿಂತು ನೋಡಿದರು. ಈ ಸಲ ನಾನು ಕಿಟಕಿ ಹಾಕಿಸಲಿಲ್ಲ.

ನೆಡದೆ ಉಳಿದ ಅಗೆ ಸಸಿಮಡಿಯಲ್ಲೇ ಬಲಿತು ಹಳದಿಯಾಗತೊಡಗಿತ್ತು. ನಾಲ್ಕನೇ ದಿನ, ಹನ್ನೆರಡೂ ಮುಕ್ಕಾಲರ ಹೊತ್ತಿಗೆ, ಸುಜಯ ನಮ್ಮ ಅಡುಗೆಕೋಣೆಯ ಹಿಂಬಾಗಿಲಿಗೆ ಬಂದ. ಪ್ಯಾಂಟಿಗೆ ಮಂಡಿಯವರೆಗೆ ಕೆಸರು. ಕೊಡೆ ಇದ್ದರೂ ಅರ್ಧ ನೆನೆದಿದ್ದ. ನಾನು ತಟ್ಟೆಗಳನ್ನು ಜೋಡಿಸುತ್ತಿದ್ದೆ. ಅವನು ನನ್ನನ್ನು ಕಂಡೂ ಕಾಣದವನಂತೆ ಮುಖ ಆಚೆ ಮಾಡಿದ.

"ಗಣಪಕ್ಕ" ಎಂದ. ಅಕ್ಕ ಎಂದು ಅವನು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಾಳೆಂದ ಗದ್ದೆಗೆ ಬನ್ನಿ ಎಲ್ಲ. ಆದದ್ದು ಆಗ್ಹೋತು."

ಗಣಪಿ ಸಾಂಬಾರಿನ ಪಾತ್ರೆಯನ್ನು ಒಲೆಯಿಂದ ಇಳಿಸಿದಳು.

"ಯಾರಿಗೆ ಆಗ್ಹೋತು?"

ಅವನು ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದ.

"ಬರೂದೋ ಬಿಡೂದೋ ಉಳದವ್ರ ಹತ್ರ ಕೇಳ್ಬೇಕು ಒಡೇರೆ. ಈಗ ಮಕ್ಳು ಉಣ್ಣೂ ಹೊತ್ತು. ಅಲ್ಲೇ ನಿಂತ್ಕಣಿ."

ಸೂರಿನ ನೀರು ಅವನ ಬೆನ್ನ ಹಿಂದೆ ಧಾರೆಯಾಗಿ ಬೀಳುತ್ತಿತ್ತು. ಒಳಗೆ ಬರಲು ಅವಳು ಹೇಳಲಿಲ್ಲ, ಹೋಗಲು ಅವನಿಗೆ ಆಗಲಿಲ್ಲ. ನಾನು ಗಂಟೆ ಹೊಡೆದೆ. ಮಕ್ಕಳು ಕೈ ತೊಳೆದು ಜಗಲಿಯಲ್ಲಿ ಸಾಲಾಗಿ ಕೂತರು. ಗಣಪಿ ಒಬ್ಬೊಬ್ಬರಿಗೂ ಅನ್ನ ಬಡಿಸಿದಳು, ಸಾಂಬಾರು ಬಡಿಸಿದಳು, ಒಂದನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಮೆಣಸಿನಕಾಯಿ ಆರಿಸಿ ತೆಗೆದಳು. ಆಮೇಲೆ ಮತ್ತೊಮ್ಮೆ ಮೊದಲಿಂದ ಸಾಲು ಹಿಡಿದು, ಅನ್ನ ಬೇಕಾ, ಬೇಕಾ ಎಂದು ಕೇಳುತ್ತ ಬಂದಳು.